ಮನೆಯ ಸೌರಫಲಕ: ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ?

ಬಿಸಿಲಿಗೆ ಬೆಲೆಯಿದೆ ಎಂಬುದನ್ನು ದಕ್ಷಿಣ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ 40–45 ದಿನ ಒಣಗಿಸಿದ ಮೇಲೆಯೇ ಅದು ಚಾಲಿ ಅಡಿಕೆಯಾಗುತ್ತದೆ. ಅಷ್ಟು ನೀರನ್ನು ಆವಿಯಾಗಿಸುವ ಶಾಖಕ್ಕೆ ಯಾರೂ ಬಿಲ್ಲು ಕಳಿಸುವುದಿಲ್ಲ. ಆದರೆ ಅದೇ ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಫಲಕವೊಂದನ್ನು ಮಾಡಿನ ಮೇಲೆ ಕೂರಿಸುವ ಮಾತು ಬಂದ ಕೂಡಲೇ ಪ್ರಶ್ನೆ ಏಳುತ್ತದೆ: "ಹಾಕಿದ ಹಣ ಹುಟ್ಟುತ್ತದೆಯೇ?"

ಈ ಪ್ರಶ್ನೆ ನ್ಯಾಯವಾದದ್ದು. ಭೌತವಿಜ್ಞಾನದ ಅಧ್ಯಾಪಕರಾದ ನಮ್ಮನ್ನು ವಿದ್ಯಾರ್ಥಿಗಳೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಹೌದು. "ಹೌದು" ಅಥವಾ "ಇಲ್ಲ" ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಮೊದಲು ಅದರ ಚರಿತ್ರೆಯನ್ನು ನೋಡುವುದು ಉಪಯುಕ್ತ. ಏಕೆಂದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಹಲವು ಸಲ ಬದಲಾಗಿದೆ. ಫಲಕದ ಬೆಲೆ ಇಳಿದದ್ದು ಅದಕ್ಕೆ ಒಂದು ಕಾರಣ ಮಾತ್ರ. ಫಲಕವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ ಇನ್ನೊಂದು ತಟ್ಟೆಯಲ್ಲಿ ಏನನ್ನು ಇಡುತ್ತೀರಿ ಎಂಬುದು ಅಷ್ಟೇ ಮುಖ್ಯವಾದ ಕಾರಣ. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿರುವ, ಮೊದಲು ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಸವಣೂರಿನಂಥ ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಚರಿತ್ರೆಯನ್ನು ನೋಡೋಣ.

ಒಂದು ವಾಟಿಗೆ 286 ಡಾಲರ್

ಬೆಳಕಿನಿಂದ ವಿದ್ಯುತ್ ಹುಟ್ಟಬಲ್ಲದು ಎಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಕಂಡಿದ್ದ. ಆಗ ಅವನಿಗೆ 19 ವರ್ಷ. 1876ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಡೇ ಎಂಬವರು ಸೆಲೆನಿಯಮ್ ಎಂಬ ಘನವಸ್ತುವಿನಲ್ಲಿ ಇದೇ ಪರಿಣಾಮವನ್ನು ತೋರಿಸಿದರು. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ಮಿನ ಮೇಲೆ ಚಿನ್ನದ ತೆಳುಪದರವನ್ನು ಲೇಪಿಸಿ ಸೌರಕೋಶವೊಂದನ್ನು ತಯಾರಿಸಿದ. ಅದರ ದಕ್ಷತೆ ಶೇಕಡಾ 1ನ್ನೂ ಮುಟ್ಟಲಿಲ್ಲ. ಬಿದ್ದ ಬೆಳಕಿನ ನೂರರಲ್ಲಿ ಒಂದು ಪಾಲೂ ವಿದ್ಯುತ್ತಾಗದ ಸಾಧನ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು.

ಬಳಕೆಗೆ ಬರುವಂಥ ಸೌರಕೋಶ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಅದರ ಹಿನ್ನೆಲೆ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಅರ್ಥವಾಗುವಂಥದು. ಬಿಸಿಯೂ ತೇವವೂ ಹೆಚ್ಚಿರುವ ಉಷ್ಣವಲಯದ ಪ್ರದೇಶಗಳಲ್ಲಿ ದೂರವಾಣಿ ವ್ಯವಸ್ಥೆಯ ಶುಷ್ಕ ಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು. ಅವುಗಳಿಗೆ ಬದಲಿ ಹುಡುಕುವ ಕೆಲಸ ಡ್ಯಾರಿಲ್ ಚಾಪಿನ್ ಎಂಬ ಎಂಜಿನಿಯರನ ಪಾಲಿಗೆ ಬಂತು. ಅವನ ಸಹೋದ್ಯೋಗಿಗಳಾದ ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ಸಿಲಿಕಾನ್ ಅರೆವಾಹಕದ ಮೇಲೆ ಕೆಲಸ ಮಾಡುತ್ತಿದ್ದರು. ಮೂವರೂ ಸೇರಿ ರೂಪಿಸಿದ ಸಿಲಿಕಾನ್ ಸೌರಕೋಶದ ದಕ್ಷತೆ ಸುಮಾರು ಶೇಕಡಾ 6. ಏಪ್ರಿಲ್ 25ರಂದು ಅದನ್ನು ಲೋಕಕ್ಕೆ ತೋರಿಸಿದರು.

ಅದು ಕೆಲಸ ಮಾಡುವ ಬಗೆ ಇಂದಿಗೂ ಬದಲಾಗಿಲ್ಲ. ಸಿಲಿಕಾನಿನ ಒಂದು ಪದರಕ್ಕೆ ರಂಜಕದಂಥ ಧಾತುವನ್ನೂ ಇನ್ನೊಂದಕ್ಕೆ ಬೋರಾನಿನಂಥ ಧಾತುವನ್ನೂ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಎರಡೂ ಕೂಡುವ ಗಡಿಯಲ್ಲಿ ಒಂದು ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯ ಫೋಟಾನ್ ಬಿದ್ದಾಗ ಒಂದು ಎಲೆಕ್ಟ್ರಾನ್ ಬಂಧನದಿಂದ ಬಿಡುಗಡೆಯಾಗುತ್ತದೆ. ಗಡಿಯ ಕ್ಷೇತ್ರ ಅದನ್ನು ಒಂದು ಕಡೆಗೆ ತಳ್ಳುತ್ತದೆ. ಹೊರಗಿನಿಂದ ತಂತಿ ಜೋಡಿಸಿದರೆ ವಿದ್ಯುತ್ ಹರಿಯುತ್ತದೆ. ತಿರುಗುವ ಭಾಗವಿಲ್ಲ, ಸವೆಯುವ ಭಾಗವಿಲ್ಲ, ಉರಿಯುವ ಇಂಧನವಿಲ್ಲ.

ಇಷ್ಟೆಲ್ಲ ಗುಣಗಳಿದ್ದರೂ ಚಾಪಿನ್ 1956ರಲ್ಲಿ ಹಾಕಿದ ಲೆಕ್ಕ ಆಶಾದಾಯಕವಾಗಿರಲಿಲ್ಲ. ಒಂದು ವಾಟ್ ಸಾಮರ್ಥ್ಯದ ಕೋಶಕ್ಕೆ 286 ಡಾಲರ್ ತಗಲುತ್ತಿತ್ತು. ಸಾಧಾರಣ ಅಮೆರಿಕನ್ ಮನೆಯೊಂದಕ್ಕೆ ಬೇಕಾಗುವಷ್ಟು ಕೋಶಗಳನ್ನು ಕೂರಿಸಲು 14 ಲಕ್ಷದ 30 ಸಾವಿರ ಡಾಲರ್ ಬೇಕಾಗುತ್ತಿತ್ತು. ಭಾಗಿಸಿ ನೋಡಿದರೆ ಆತ 5 ಕಿಲೋವಾಟ್‌ನ ವ್ಯವಸ್ಥೆಯನ್ನು ಲೆಕ್ಕಕ್ಕೆ ಹಿಡಿದಿದ್ದನೆಂದು ತಿಳಿಯುತ್ತದೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದದ್ದು ಕಂಬದಿಂದ ಬರುವ ಅಗ್ಗದ ವಿದ್ಯುತ್. ಮನೆಯ ಸೌರಫಲಕದ ಬಗ್ಗೆ ಮಾಡಿದ ಈ ಆರಂಭದ ಲೆಕ್ಕದ ಉತ್ತರ ಖಚಿತವಾಗಿ "ಇಲ್ಲ" ಎಂದಾಗಿತ್ತು.

ಬಾನಿನಲ್ಲಿ ಅಗ್ಗ

ಆದರೆ ಎರಡೇ ವರ್ಷದಲ್ಲಿ, ಅದೇ ದುಬಾರಿ ಕೋಶಕ್ಕೆ ಇನ್ನೊಂದು ಕಡೆ "ಹೌದು" ಎಂಬ ಉತ್ತರ ಸಿಕ್ಕಿತು. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್–1 ಉಪಗ್ರಹದಲ್ಲಿ ಎರಡು ರೇಡಿಯೊ ಪ್ರೇಷಕಗಳಿದ್ದವು. ಒಂದಕ್ಕೆ ರಾಸಾಯನಿಕ ಬ್ಯಾಟರಿ, ಇನ್ನೊಂದಕ್ಕೆ ಸೌರಕೋಶ. ಬ್ಯಾಟರಿಯ ಪ್ರೇಷಕ ಕೆಲವೇ ವಾರಗಳಲ್ಲಿ ಮೌನವಾಯಿತು. ಸೌರಕೋಶದ್ದು 1964ರವರೆಗೂ ಸಂಕೇತ ಕಳಿಸಿತು. ಬಾಹ್ಯಾಕಾಶಕ್ಕೆ ಕಂಬವೂ ಇಲ್ಲ, ತಂತಿಯೂ ಇಲ್ಲ. ಬ್ಯಾಟರಿಯ ಒಂದೊಂದು ಕಿಲೋಗ್ರಾಮನ್ನು ಮೇಲಕ್ಕೆ ಒಯ್ಯುವ ಖರ್ಚಿನ ಎದುರು ಸೌರಕೋಶ ಅಗ್ಗದ ಸರಕಾಯಿತು. 1975ರಲ್ಲಿ ಕಕ್ಷೆ ಸೇರಿದ ನಮ್ಮ ಆರ್ಯಭಟವೂ ಸೌರಕೋಶಗಳನ್ನು ಹೊದ್ದುಕೊಂಡೇ ಹೋಯಿತು.

ಕೋಶ ಒಂದೇ, ಬೆಲೆಯೂ ಹೆಚ್ಚು ಕಡಿಮೆ ಒಂದೇ. ಹೋಲಿಕೆ ಬದಲಾದಾಗ ಉತ್ತರ ತಿರುಗಿತು.

ಭೂಮಿಯ ಮೇಲಿನ ಬಳಕೆಗೆ ದಾರಿ ತೆರೆದದ್ದು 1970ರ ದಶಕದಲ್ಲಿ. ರಸಾಯನವಿಜ್ಞಾನಿ ಎಲಿಯಟ್ ಬರ್ಮನ್ ಅಗ್ಗದ ದರ್ಜೆಯ ಸಿಲಿಕಾನ್ ಬಳಸಿ, ವಾಟಿಗೆ ಸುಮಾರು 100 ಡಾಲರ್ ಇದ್ದ ಬೆಲೆಯನ್ನು 20 ಡಾಲರಿನ ಮಟ್ಟಕ್ಕೆ ಇಳಿಸಿದ. ಆಗಲೂ ಕೊಂಡವರು ಮನೆಯವರಲ್ಲ. ಸಮುದ್ರದಲ್ಲಿನ ತೈಲಬಾವಿಗಳ ಸೂಚನಾ ದೀಪ, ರೈಲ್ವೆ ಸಿಗ್ನಲ್, ಬೆಟ್ಟದ ತುದಿಯ ದೂರವಾಣಿ ಗೋಪುರ, ಹೀಗೆ ಕಂಬ ತಲುಪದ ಜಾಗಗಳಿಗೆ ಅವು ಹೋದವು. ನಮ್ಮ ದೇಶದಲ್ಲಿ 1974ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1977ರಲ್ಲಿ ದೇಶದ ಮೊದಲ ಸೌರಕೋಶವನ್ನೂ ಮರುವರ್ಷ ಮೊದಲ ಫಲಕವನ್ನೂ ತಯಾರಿಸಿತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಆರಂಭವಾಯಿತು. ಕೊಳ್ಳುವ ಮನೆಗಳು ಮಾತ್ರ ಇನ್ನೂ ವಿರಳ.

ತೋಟದ ಮನೆ ಮತ್ತು ಕಂಬದ ದೂರ

ಇಲ್ಲಿಂದ ಕಥೆ ನಮ್ಮ ಸೀಮೆಗೆ ಬರುತ್ತದೆ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಕಂಬದಿಂದ ಹತ್ತು ಮನೆಗೆ ತಂತಿ ಎಳೆಯಬಹುದು. ಪುತ್ತೂರು, ಸುಳ್ಯ, ಕಡಬದ ಕಡೆ ಹಾಗಲ್ಲ. ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ, ತನ್ನದೇ ತೋಟದ ನಡುವೆ ಇರುತ್ತದೆ. ಒಂದು ಮನೆಗಾಗಿ ಹಲವು ಕಂಬ ನೆಡಬೇಕು. ಆ ಕಂಬಗಳ ಮೇಲೆ ಮಳೆಗಾಲದಲ್ಲಿ ಮರ ಬೀಳುತ್ತದೆ.

ತಂತಿ ಬಂದ ಮನೆಗೂ ಇನ್ನೊಂದು ತೊಂದರೆ. ಇದು ಓಮನ ನಿಯಮದ ಲೆಕ್ಕ. ಹಳ್ಳಿಯ ಸಾಲಿನಲ್ಲಿ ಬಳಸುವ ತೆಳು ಅಲ್ಯುಮಿನಿಯಮ್ ತಂತಿಗೆ ಕಿಲೋಮೀಟರಿಗೆ ಸುಮಾರು 1.4 ಓಮ್ ರೋಧವಿದೆ ಎಂದಿಟ್ಟುಕೊಳ್ಳಿ. ಪರಿವರ್ತಕದಿಂದ ಒಂದು ಕಿಲೋಮೀಟರ್ ದೂರದ ಮನೆಗೆ ಹೋಗುವ ಹಾದಿ, ಮರಳುವ ಹಾದಿ ಸೇರಿ 2.8 ಓಮ್. 10 ಆಂಪಿಯರ್ ಎಳೆದರೆ 28 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 230 ವೋಲ್ಟ್ 202ಕ್ಕೆ ಇಳಿಯುತ್ತದೆ. ಅದೇ ಸಾಲಿನಲ್ಲಿ ಬೇಸಗೆಯಲ್ಲಿ ಇನ್ನೂ ಎರಡು ಪಂಪುಗಳು ತಿರುಗಿದರೆ ಟ್ಯೂಬ್‌ಲೈಟು ಹತ್ತುವುದೇ ಇಲ್ಲ. ಕರಾವಳಿ ಮತ್ತು ಮಲೆನಾಡಿನ ತೋಟದ ಮನೆಗಳಲ್ಲಿ ಸೌರದೀಪ ಬೇಗ ನೆಲೆಯೂರಲು ಈ ಭೂಗೋಲವೂ ಈ ವೋಲ್ಟೇಜೂ ಕಾರಣ.

1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದರು. ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೊವೆಲ್ ಶಾಖೆಯಲ್ಲಿ ಡಾಕ್ಟರೇಟ್ ಪಡೆದ ಹಂದೆಯವರು ಹಳ್ಳಿಯ ಮನೆಗಳಿಗೆ ಸೌರದೀಪ ಮಾರಲು ಹೊರಟಾಗ ಎದುರಾದದ್ದು ನಮ್ಮ ಮೊದಲಿನ ಪ್ರಶ್ನೆಯೇ: ಹಾಕಿದ ಹಣ ಹುಟ್ಟುತ್ತದೆಯೇ?

ಯೂನಿಟ್ ಲೆಕ್ಕ ಮತ್ತು ಬೆಳಕಿನ ಲೆಕ್ಕ

ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಆ ಕಾಲದ ನಾಲ್ಕು ದೀಪದ ವ್ಯವಸ್ಥೆಯೊಂದನ್ನು ತೆಗೆದುಕೊಳ್ಳಿ. 40 ವಾಟಿನ ಫಲಕ, ಒಂದು ಬ್ಯಾಟರಿ, ನಾಲ್ಕು ಸಿಎಫ್‌ಎಲ್ ದೀಪ. ಬೆಲೆ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. 15 ವರ್ಷ ಬಾಳಿಕೆ, ನಡುವೆ ಎರಡು ಸಲ 4,000 ರೂಪಾಯಿಯ ಹೊಸ ಬ್ಯಾಟರಿ. ಒಟ್ಟು 26,000 ರೂಪಾಯಿ. ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು, ಬ್ಯಾಟರಿ ಮತ್ತು ತಂತಿಯ ನಷ್ಟ ಕಳೆದು ಶೇಕಡಾ 70 ಕೈಗೆ ಸಿಗುವುದಾದರೆ ದಿನಕ್ಕೆ 126 ವಾಟ್–ಗಂಟೆ. ವರ್ಷಕ್ಕೆ 46 ಯೂನಿಟ್, 15 ವರ್ಷಕ್ಕೆ 690 ಯೂನಿಟ್. ಅಂದರೆ ಒಂದು ಯೂನಿಟ್ಟಿಗೆ ಸುಮಾರು 38 ರೂಪಾಯಿ!

ಕಂಬದ ವಿದ್ಯುತ್ತಿಗೆ ಯೂನಿಟ್ಟಿಗೆ 3 ರೂಪಾಯಿ ಎಂದು ಹಿಡಿದರೂ ಇದು ಹನ್ನೆರಡು ಪಟ್ಟಿಗಿಂತ ಹೆಚ್ಚು. "ಸೋಲಾರ್ ದುಬಾರಿ, ಬಡವರಿಗೆ ಹೇಳಿದ್ದಲ್ಲ" ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಆದರೆ ಕಂಬವೇ ಇಲ್ಲದ ಮನೆಯ ತಕ್ಕಡಿಯಲ್ಲಿ ಕಂಬದ ವಿದ್ಯುತ್ತನ್ನು ಇಡುವುದು ಹೇಗೆ? ಅಲ್ಲಿ ಇಡಬೇಕಾದದ್ದು ಚಿಮಿಣಿ ಎಣ್ಣೆಯ ದೀಪವನ್ನು. ಮನೆಯವರಿಗೆ ಬೇಕಾದದ್ದು ಯೂನಿಟ್ ಅಲ್ಲ, ಬೆಳಕು. ಬೆಳಕಿನ ಅಳತೆ ಲ್ಯೂಮೆನ್. ಬತ್ತಿಯ ಚಿಮಿಣಿ ದೀಪ ಸುಮಾರು 10 ಲ್ಯೂಮೆನ್ ಕೊಡುತ್ತದೆ. ಸಿಎಫ್‌ಎಲ್ ಒಂದು ವಾಟಿಗೆ ಸುಮಾರು 50 ಲ್ಯೂಮೆನ್ ಕೊಡುತ್ತದೆ. ಎರಡು ಚಿಮಿಣಿ ದೀಪ ದಿನಕ್ಕೆ ನಾಲ್ಕು ಗಂಟೆ, ಗಂಟೆಗೆ 20 ಮಿಲಿಲೀಟರ್ ಎಣ್ಣೆ ಕುಡಿದರೆ ತಿಂಗಳಿಗೆ 4.8 ಲೀಟರ್. ರೇಷನ್ ದರ ಲೀಟರಿಗೆ 10 ರೂಪಾಯಿ ಎಂದರೂ 48 ರೂಪಾಯಿ. ಸಿಗುವ ಬೆಳಕು ತಿಂಗಳಿಗೆ 2,400 ಲ್ಯೂಮೆನ್–ಗಂಟೆ. ಸಾವಿರ ಲ್ಯೂಮೆನ್–ಗಂಟೆಗೆ 20 ರೂಪಾಯಿ ಬಿತ್ತು.

ಸೌರದೀಪದ ಕಡೆ ನೋಡಿ. 126 ವಾಟ್–ಗಂಟೆಯಿಂದ ದಿನಕ್ಕೆ 6,300 ಲ್ಯೂಮೆನ್–ಗಂಟೆ, ತಿಂಗಳಿಗೆ 1,89,000. ಹದಿನೈದು ವರ್ಷಕ್ಕೆ ಹಂಚಿದ ಖರ್ಚು ತಿಂಗಳಿಗೆ 144 ರೂಪಾಯಿ. ಸಾವಿರ ಲ್ಯೂಮೆನ್–ಗಂಟೆಗೆ 76 ಪೈಸೆ. ಕಂಬದ ವಿದ್ಯುತ್ತಿನಿಂದ ಅದೇ ಬೆಳಕು 6 ಪೈಸೆಗೆ ಸಿಗುತ್ತದೆ ಎಂಬುದು ನಿಜ. ಹಾಗೆಯೇ ಚಿಮಿಣಿಗಿಂತ ಸೌರದೀಪ 26 ಪಟ್ಟು ಅಗ್ಗ ಎಂಬುದೂ ನಿಜ. ಎರಡೂ ಏಕಕಾಲದಲ್ಲಿ ಸತ್ಯ. ಯಾವ ಸತ್ಯ ನಿಮಗೆ ಅನ್ವಯಿಸುತ್ತದೆ ಎಂಬುದು ನಿಮ್ಮ ಮನೆ ಕಂಬದಿಂದ ಎಷ್ಟು ದೂರ ಎಂಬುದನ್ನು ಅವಲಂಬಿಸಿದೆ.

ಬೀಡಿ ಕಟ್ಟುವ ಮನೆಯಲ್ಲಿ ರಾತ್ರಿಯ ಬೆಳಕು ದುಡಿಮೆಯ ಬೆಳಕು. ಓದುವ ಮಕ್ಕಳಿರುವ ಮನೆಯಲ್ಲಿ ಅದು ಪರೀಕ್ಷೆಯ ಬೆಳಕು. ಹೊಗೆಯಿಲ್ಲ, ಬೆಂಕಿಯ ಭಯವಿಲ್ಲ. ಇವುಗಳನ್ನು ರೂಪಾಯಿಯಲ್ಲಿ ಬರೆಯುವುದು ಕಷ್ಟ. ಆದರೆ ಮನೆಯ ಹೆಂಗಸರು ಇವುಗಳನ್ನು ಲೆಕ್ಕಕ್ಕೆ ಹಿಡಿಯದೆ ಇರುವುದಿಲ್ಲ.

ದಿನಕ್ಕೆ ಹತ್ತು ರೂಪಾಯಿ

ಲೆಕ್ಕ ಸರಿಯಿದ್ದರೂ 18,000 ರೂಪಾಯಿಯನ್ನು ಒಟ್ಟಿಗೆ ಎಣಿಸಿಕೊಡುವವರು ಎಷ್ಟು ಜನ? ಇಂಧನದ ದೀಪಕ್ಕೆ ದಿನದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೆ ಸಾಕು. ಸೌರದೀಪಕ್ಕೆ ಹದಿನೈದು ವರ್ಷದ ಬೆಳಕಿನ ಹಣವನ್ನು ಮೊದಲ ದಿನವೇ ಕೊಡಬೇಕು. ಇದು ತಂತ್ರವಿಜ್ಞಾನದ ತೊಡಕಲ್ಲ, ಸಾಲದ ತೊಡಕು. ಬೀದಿಬದಿಯ ವ್ಯಾಪಾರಿಗಳಿಗೆ ತಿಂಗಳಿಗೆ 300 ರೂಪಾಯಿ ಎಂದರೆ ಭಾರ, ದಿನಕ್ಕೆ 10 ರೂಪಾಯಿ ಎಂದರೆ ಹಗುರ ಎಂಬುದನ್ನು ತಾವು ಅವರಿಂದಲೇ ಕಲಿತೆ ಎಂದು ಹಂದೆಯವರು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ.

ಈ ಪಾಠ ಕರಾವಳಿಗೆ ಹಳೆಯದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಯೋಜನೆ ಅದು. ಸಣ್ಣ ಮೊತ್ತವನ್ನು ದಿನದಿನ ಕೂಡಿಸುವುದನ್ನು ಕಲಿತ ನಾಡಿಗೆ, ದೊಡ್ಡ ಮೊತ್ತವನ್ನು ದಿನದಿನ ತೀರಿಸುವುದು ಅದೇ ಲೆಕ್ಕವನ್ನು ತಿರುಗಿಸಿ ಬರೆದಂತೆ. ಗ್ರಾಮೀಣ ಬ್ಯಾಂಕುಗಳು ಮೆಲ್ಲನೆ ಸೌರದೀಪಕ್ಕೆ ಸಾಲ ಕೊಡಲು ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಸೌರ ಸಾಲ ಯೋಜನೆಯನ್ನು ಆರಂಭಿಸಿತು. ಫಲಕಕ್ಕೆ ಸಬ್ಸಿಡಿ ಕೊಡುವ ಬದಲು ಬಡ್ಡಿಯನ್ನು ಇಳಿಸುವುದು ಇದರ ಕ್ರಮ. ಸುಮಾರು ಶೇಕಡಾ 12ರ ಬಡ್ಡಿ ಆರಂಭದಲ್ಲಿ ಶೇಕಡಾ 5ಕ್ಕೆ ಇಳಿಯಿತು. ಆಮೇಲೆ ರಿಯಾಯಿತಿಯನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳಲಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು 20 ಸಾವಿರ ಮನೆಗಳಿಗೆ ಈ ಯೋಜನೆಯಿಂದ ಸೌರದೀಪ ಬಂತು.

ಬಡ್ಡಿಯ ಪರಿಣಾಮವನ್ನು ನೋಡಿ. 18,000 ರೂಪಾಯಿಯಲ್ಲಿ ಶೇಕಡಾ 15ನ್ನು ಕೈಯಿಂದ ಹಾಕಿ ಉಳಿದ 15,300ನ್ನು ಐದು ವರ್ಷಕ್ಕೆ ಸಾಲ ತೆಗೆದರೆ ಶೇಕಡಾ 12ರಲ್ಲಿ ತಿಂಗಳ ಕಂತು 340 ರೂಪಾಯಿ, ಶೇಕಡಾ 5ರಲ್ಲಿ 289 ರೂಪಾಯಿ. ದಿನಕ್ಕೆ ಹತ್ತು ರೂಪಾಯಿಯ ಆಚೆಗೂ ಈಚೆಗೂ ಇರುವ ವ್ಯತ್ಯಾಸ ಇದು. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ತನ್ನ ಸ್ವಸಹಾಯ ಗುಂಪುಗಳ ಮೂಲಕ ಇಂಥ ಸಾಲ ಕೊಟ್ಟಿತು. ಇದಕ್ಕಾಗಿ ಅದಕ್ಕೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾಯಿತು.

ಬೆಲೆ ಕುಸಿದ ಬಗೆ

ಇಷ್ಟರಲ್ಲಿ ತಕ್ಕಡಿಯ ಮೊದಲ ತಟ್ಟೆಯೂ ಹಗುರವಾಗತೊಡಗಿತ್ತು. ಜಗತ್ತಿನಲ್ಲಿ ಒಟ್ಟು ತಯಾರಾದ ಫಲಕಗಳ ಪ್ರಮಾಣ ಪ್ರತಿ ಸಲ ಇಮ್ಮಡಿಯಾದಾಗಲೂ ಬೆಲೆ ಸುಮಾರು ಶೇಕಡಾ 20ರಷ್ಟು ಇಳಿಯುತ್ತ ಬಂದಿದೆ. ಇದನ್ನು ಸ್ವಾನ್ಸನ್ ನಿಯಮ ಎನ್ನುತ್ತಾರೆ. ಹೆಸರು ನಿಯಮವಾದರೂ ಇದು ನ್ಯೂಟನ್ನನ ನಿಯಮದಂತೆ ಪ್ರಕೃತಿಯದಲ್ಲ. ತಯಾರಿಕೆಯ ಅನುಭವದಿಂದ ಹುಟ್ಟಿದ ಒಂದು ಪ್ರವೃತ್ತಿ. ಜರ್ಮನಿ 2000ದಲ್ಲಿ ತಂದ ಕಾಯಿದೆ ಬೇಡಿಕೆಯನ್ನು ಬೆಳೆಸಿತು, ಚೀನಾದ ಕಾರ್ಖಾನೆಗಳು ಪೂರೈಕೆಯನ್ನು ಬೆಳೆಸಿದವು. 2008ರ ಹೊತ್ತಿಗೆ ವಾಟಿಗೆ 4 ಡಾಲರಿನ ಆಸುಪಾಸಿದ್ದ ಫಲಕ 2012ರಲ್ಲಿ 1 ಡಾಲರಿಗಿಂತ ಕೆಳಗಿಳಿಯಿತು. ಇಂದು ಜಾಗತಿಕ ಮಾರುಕಟ್ಟೆಯಲ್ಲಿ ಅದು ಡಾಲರಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಇದರ ಗುರುತು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶಗಳಲ್ಲಿಯೂ ಕಾಣುತ್ತದೆ. ಚಾವಣಿಯ ಸೌರವಿದ್ಯುತ್ತನ್ನು ಕಂಬಕ್ಕೆ ಕೊಟ್ಟರೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಎಂದು 2013ರಲ್ಲಿ ಆಯೋಗ ನಿಗದಿ ಮಾಡಿತ್ತು. 2016ರಲ್ಲಿ ಸಣ್ಣ ಮನೆ ಘಟಕಗಳಿಗೆ ಇದು 7 ರೂಪಾಯಿ 8 ಪೈಸೆಗೆ ಇಳಿಯಿತು. ಅಲ್ಲಿಗೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಕಂಬ ಇಲ್ಲದವರ ಆಸರೆಯಾಗಿದ್ದ ಫಲಕ ಈಗ ಕಂಬಕ್ಕೇ ಜೋಡಿಸುವ ಸಾಧನವಾಯಿತು.

ಸೊನ್ನೆ ಬಿಲ್ಲಿನ ಕಾಲ

ಇಂದಿನ ಲೆಕ್ಕ ಹಾಕೋಣ. 3 ಕಿಲೋವಾಟ್ ಚಾವಣಿ ಘಟಕಕ್ಕೆ 1,90,000 ರೂಪಾಯಿ ಎಂದಿಟ್ಟುಕೊಳ್ಳಿ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಕೈಯಿಂದ ಹೋಗುವುದು 1,12,000. ನಮ್ಮ ಭಾಗದಲ್ಲಿ ವರ್ಷದ ಸರಾಸರಿ ಬಿಸಿಲು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್. ನಷ್ಟ ಕಳೆದು ಶೇಕಡಾ 75 ಸಿಕ್ಕರೆ ವರ್ಷಕ್ಕೆ ಸುಮಾರು 4,100 ಯೂನಿಟ್.

ತಿಂಗಳಿಗೆ 350 ಯೂನಿಟ್ ಬಳಸುವ ಮನೆಯಾದರೆ ಇದಷ್ಟೂ ಬಿಲ್ಲಿನಿಂದ ಕಳೆಯುತ್ತದೆ. ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ 24,600 ಉಳಿತಾಯ. ನಾಲ್ಕೂವರೆ ವರ್ಷದಲ್ಲಿ ಹಣ ಮರಳುತ್ತದೆ. ಸಬ್ಸಿಡಿಯನ್ನು ಲೆಕ್ಕಕ್ಕೆ ಹಿಡಿಯದೆ, ನಡುವೆ ಒಂದು ಸಲ 30,000ದ ಇನ್ವರ್ಟರ್ ಬದಲಾಯಿಸಿ, 25 ವರ್ಷಕ್ಕೆ ಹಂಚಿದರೂ ಬಡ್ಡಿ ಬಿಟ್ಟು ಯೂನಿಟ್ಟಿಗೆ ಸುಮಾರು ಎರಡೂಕಾಲು ರೂಪಾಯಿ. ಮೊದಲಿನ 38 ರೂಪಾಯಿಯನ್ನು ನೆನಪಿಸಿಕೊಳ್ಳಿ.

ಆದರೆ ಸವಣೂರಿನಂಥ ಊರಿನಲ್ಲಿ ಹೆಚ್ಚಿನ ಮನೆಗಳ ಬಳಕೆ ಇಷ್ಟಿಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ತಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ಮನೆಯ ಬಿಲ್ಲು ಸೊನ್ನೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆ ಒಂದು ಕಿಲೋವಾಟ್ ಫಲಕ ಕೂರಿಸಿದರೆ ಉಳಿಯುವ ಹಣ ಎಷ್ಟು? ಸೊನ್ನೆಯಿಂದ ಕಳೆಯಲು ಏನೂ ಇಲ್ಲ. ಹಾಕಿದ ಹಣವನ್ನು ಸೊನ್ನೆಯಿಂದ ಭಾಗಿಸಿದಾಗ ಏನಾಗುತ್ತದೆ ಎಂಬುದು ಎಂಟನೆಯ ತರಗತಿಯ ಮಗುವಿಗೂ ಗೊತ್ತು. ಫಲಕ ಇತಿಹಾಸದಲ್ಲೇ ಅತ್ಯಂತ ಅಗ್ಗವಾಗಿರುವ ಈ ಕಾಲದಲ್ಲಿ, ಆ ಮನೆಯ ಮಟ್ಟಿಗೆ ಉತ್ತರ 1956ರದ್ದೇ: "ಇಲ್ಲ".

ಇಲ್ಲಿ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ತಕ್ಕಡಿ ಯಾರದು? ಮನೆಯ ಬಿಲ್ಲು ಸೊನ್ನೆಯಾದರೂ ವಿದ್ಯುತ್ ತಯಾರಿಸುವ ಖರ್ಚು ಸೊನ್ನೆಯಾಗುವುದಿಲ್ಲ. ಆ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗೆ ಕೊಡುತ್ತದೆ. ಅದು ತೆರಿಗೆಯ ಹಣ. ಉರಿಯುವ ಕಲ್ಲಿದ್ದಲೂ ಕಡಿಮೆಯಾಗುವುದಿಲ್ಲ. ಮನೆಯ ತಕ್ಕಡಿಯಲ್ಲಿ ನಷ್ಟವೆನಿಸುವ ಫಲಕ ನಾಡಿನ ತಕ್ಕಡಿಯಲ್ಲಿ ಲಾಭವಾಗಬಹುದು. ಹೆಚ್ಚು ಬಳಸುವ ಸ್ಥಿತಿವಂತರಿಗೆ ಫಲಕ ಲಾಭದಾಯಕ, ಕಡಿಮೆ ಬಳಸುವವರಿಗೆ ಅಲ್ಲ ಎಂಬ ಸ್ಥಿತಿ ಭೌತವಿಜ್ಞಾನದಿಂದ ಬಂದದ್ದಲ್ಲ, ದರಪಟ್ಟಿಯಿಂದ ಬಂದದ್ದು. ದರಪಟ್ಟಿ ಬದಲಾಗಬಹುದು. 25 ವರ್ಷ ಬಾಳುವ ಫಲಕವನ್ನು ಈ ವರ್ಷದ ದರದಿಂದ ಮಾತ್ರ ತೂಗಬಾರದು ಎಂಬುದನ್ನು 9.56 ರೂಪಾಯಿಯ ಕಥೆಯೇ ಹೇಳುತ್ತದೆ.

ಮಳೆ, ನೆರಳು ಮತ್ತು ಮುರಿದ ತಂತಿ

ಕೊಳ್ಳುವ ಮೊದಲು ತಿಳಿದಿರಬೇಕಾದ ಕೆಲವು ಸ್ಥಳೀಯ ಸಂಗತಿಗಳಿವೆ. ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಫೆಬ್ರವರಿ–ಮಾರ್ಚ್‌ನಲ್ಲಿ ಚದರ ಮೀಟರಿಗೆ ದಿನಕ್ಕೆ 6 ಯೂನಿಟ್ ಮೀರುವ ಬಿಸಿಲು ಜುಲೈಯಲ್ಲಿ 4ಕ್ಕಿಂತ ಕೆಳಗಿಳಿಯುತ್ತದೆ. ಬೇಸಗೆಯ ಬಿಸಿಲೂ ಪೂರ್ತಿ ಒಳ್ಳೆಯದಲ್ಲ. ಫಲಕದ ಮೇಲೆ ಬರೆದಿರುವ ವಾಟ್ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ್ದು. ಕೋಶದ ಉಷ್ಣತೆ ಒಂದು ಡಿಗ್ರಿ ಏರಿದರೆ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. 60 ಡಿಗ್ರಿಗೆ ಕಾದ ಫಲಕ ಶೇಕಡಾ 10ರಿಂದ 14ರಷ್ಟು ಕಳೆದುಕೊಂಡಿರುತ್ತದೆ. ಕೆಳಗೆ ಗಾಳಿಯಾಡಲು ಜಾಗ ಬಿಡಬೇಕೆನ್ನುವುದು ಇದಕ್ಕೆ.

ನೆರಳು ಇನ್ನೂ ದೊಡ್ಡ ಶತ್ರು. ಒಂದು ಕೋಶದಿಂದ ಬರುವುದು ಅರ್ಧ ವೋಲ್ಟಿನಷ್ಟು ಮಾತ್ರ. ಆದ್ದರಿಂದ ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಸರಣಿಯಲ್ಲಿ ಎಲ್ಲ ಕೋಶಗಳ ಮೂಲಕ ಒಂದೇ ವಿದ್ಯುತ್ಪ್ರವಾಹ ಹರಿಯಬೇಕು. ಒಂದು ತೆಂಗಿನ ಗರಿಯ ನೆರಳು ಒಂದೇ ಕೋಶದ ಮೇಲೆ ಬಿದ್ದರೂ ಇಡೀ ಸಾಲು ಸೊರಗುತ್ತದೆ. ಬೈಪಾಸ್ ಡಯೋಡುಗಳು ನಷ್ಟವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಕಣಿವೆಯ ತೋಟದ ನಡುವಿನ ಮನೆಗೆ ಇದು ಗಂಭೀರ ವಿಷಯ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪು ತಿಳಿಯುವುದು ಇಲ್ಲಿ: ಕಂಬಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಚಾವಣಿ ಘಟಕ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಮುರಿದ ತಂತಿಯನ್ನು ಸರಿಪಡಿಸುವ ಲೈನ್‌ಮನ್‌ಗೆ ನಿಮ್ಮ ಮಾಡಿನಿಂದ ಬಂದ ವಿದ್ಯುತ್ ತಗಲಬಾರದೆಂದು ಇನ್ವರ್ಟರನ್ನು ಹಾಗೆಯೇ ರೂಪಿಸಿರುತ್ತಾರೆ. ಮೂರು ಲಕ್ಷದ ಫಲಕವಿದ್ದರೂ ರಾತ್ರಿ ಮೊಂಬತ್ತಿಯೇ ಗತಿ.

ಗಾಳಿಮಳೆಗೆ ಎರಡು ಮೂರು ದಿನ ಕರೆಂಟಿಲ್ಲದೆ ಕೂರುವ ಮನೆಯ ತಕ್ಕಡಿಯಲ್ಲಿ ಇಡಬೇಕಾದದ್ದು ಬಿಲ್ಲನ್ನಲ್ಲ, ಆ ಕತ್ತಲೆಯನ್ನು. ಅಂಥ ಮನೆಗೆ ಈಗಿರುವ ಇನ್ವರ್ಟರ್ ಬ್ಯಾಟರಿಗೇ 300 ವಾಟಿನ ಒಂದು ಫಲಕ ಮತ್ತು ಚಾರ್ಜ್ ನಿಯಂತ್ರಕವನ್ನು ಸೇರಿಸಿದರೆ ಸಾಕು. ಜೂನ್–ಜುಲೈಯ ಮೂರೂವರೆ ಗಂಟೆಯ ಬಿಸಿಲಿನಲ್ಲಿಯೂ ನಷ್ಟ ಕಳೆದು ದಿನಕ್ಕೆ ಸುಮಾರು 680 ವಾಟ್–ಗಂಟೆ ಸಿಗುತ್ತದೆ. 9 ವಾಟಿನ ಐದು ಎಲ್‌ಇಡಿ ದೀಪ ಐದು ಗಂಟೆಗೆ 225, 28 ವಾಟಿನ ಫ್ಯಾನು ಎಂಟು ಗಂಟೆಗೆ 224, ಉಳಿದದ್ದು ಫೋನಿಗೆ ಮತ್ತು ಮಕ್ಕಳ ಓದಿಗೆ. ವರ್ಷವಿಡೀ ಹರಿಯುವ ತೊರೆ ಹತ್ತಿರವಿದ್ದರೆ ಸುಳ್ಯ, ಬೆಳ್ತಂಗಡಿಯ ಕೆಲವು ಮನೆಗಳಲ್ಲಿರುವಂತೆ ಪಿಕೊ ಹೈಡ್ರೊ ಘಟಕವನ್ನೂ ಯೋಚಿಸಬಹುದು. ಬಿಸಿಲು ಸೋಲುವ ತಿಂಗಳಲ್ಲೇ ತೊರೆ ತುಂಬಿ ಹರಿಯುತ್ತದೆ.

ಶಾಲೆಯಲ್ಲಿ ಮಾಡಬಹುದಾದ ಲೆಕ್ಕ

ಶಿಕ್ಷಕರಿಗೆ ಒಂದು ಸೂಚನೆ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲಿನಿಂದ ಯೂನಿಟ್ಟುಗಳನ್ನು ಬರೆದುಕೊಳ್ಳಲಿ. ಒಂದು ತಿಂಗಳು ಕರೆಂಟು ಹೋದ ಗಂಟೆಗಳನ್ನು ಗುರುತು ಹಾಕಲಿ. ರಜಾದಿನ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಂಟೆಗೊಮ್ಮೆ ಮಾಡಿನ ಮೇಲೆ ಬೀಳುವ ನೆರಳನ್ನು ಅಂಗಳದಿಂದಲೇ ನೋಡಿ ನಕ್ಷೆ ಬರೆಯಲಿ. ಈ ಮೂರು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಆ ಮನೆಗೆ ಫಲಕ ಬೇಕೇ, ಬೇಕಿದ್ದರೆ ಯಾವ ಬಗೆಯದು, ಎಷ್ಟು ವಾಟಿನದು ಎಂಬ ಉತ್ತರ ಬಹುಮಟ್ಟಿಗೆ ಸಿಗುತ್ತದೆ. ಒಂದೇ ತರಗತಿಯ ನಲವತ್ತು ಮಕ್ಕಳಿಗೆ ನಲವತ್ತು ಉತ್ತರ ಬಂದರೂ ಗಾಬರಿಯಾಗಬೇಡಿ. ಮಾರಾಟಗಾರ ತರುವ ಒಂದೇ ಉತ್ತರಕ್ಕಿಂತ ಅವು ಹೆಚ್ಚು ನಂಬಿಕೆಗೆ ಅರ್ಹ.